ಪ್ಲೇಬ್ಯಾಕ್ ಒತ್ತಿ ನೋಡಿದ್ದೀರಾ?

ದಾವಣಗೆರೆಯ ಮಂಡಿಪೇಟೆಯ ಹತ್ತಿರ ನಮ್ಮ ಭಾವನವರದೊಂದು ಸಗಟು ಕಿರಾಣಿ ಅಂಗಡಿ. ಮುಂದೆ ಗಲ್ಲಾ, ಹಿಂದೆ ಗೋದಾಮು, ಒಟ್ಟು ನಾಲ್ಕು ಕ್ಯಾಮೆರಾ. ಗಲ್ಲಾದ ಪಕ್ಕದ ಗೋಡೆಯ ಟಿವಿಯಲ್ಲಿ ನಾಲ್ಕೂ ಚಿತ್ರ ದಿನವಿಡೀ ಕಾಣುತ್ತಿದ್ದವು. ಗೌರಿ ಗಣೇಶ ಹಬ್ಬದ ಹಿಂದಿನ ವಾರ ಸ್ಟಾಕ್ ಎಣಿಸಿದಾಗ ಗೋದಾಮಿನಲ್ಲಿ ಹನ್ನೊಂದು ಎಣ್ಣೆ ಡಬ್ಬಿ ಕಡಿಮೆ ಬಂದವು. "ಕ್ಯಾಮೆರಾ ಐತಲ್ಲ, ನೋಡಿದ್ರ ಗೊತ್ತಾಕ್ಕತಿ" ಎಂದು ಭಾವ ನಿರಾಳವಾಗಿಯೇ ಇದ್ದರು. ಸಂಜೆ ಕ್ಯಾಮೆರಾ ಹಾಕಿಕೊಟ್ಟಿದ್ದ ಹುಡುಗ ಬಂದು ಮೌಸ್ ಹಿಡಿದು ಕೂತ. ಪ್ಲೇಬ್ಯಾಕ್ ತೆರೆದರೆ ಒಂದು ಕ್ಯಾಲೆಂಡರ್ ಬರುತ್ತದೆ. ರೆಕಾರ್ಡಿಂಗ್ ಇರುವ ತಾರೀಕುಗಳಿಗೆ ಬಣ್ಣದ ಗುರುತು ಇರುತ್ತದೆ. ಆ ತಿಂಗಳಲ್ಲಿ ಒಂದೂ ಗುರುತಿರಲಿಲ್ಲ. ಹಿಂದಿನ ತಿಂಗಳೂ ಖಾಲಿ, ಅದರ ಹಿಂದಿನದೂ ಖಾಲಿ.

"ಸಾಹುಕಾರ್ರ, ಹಾರ್ಡ್ ಡಿಸ್ಕ್ ಹೋಗಿಬಿಟ್ಟೈತ್ರಿ. ಲೈವ್ ಅಷ್ಟ ಬರಾಕತ್ತೈತಿ, ರೆಕಾರ್ಡ್ ಆಗವಲ್ದು" ಎಂದ ಹುಡುಗ. ಆಗ ಅಂಗಡಿಯ ಹಳೆಯ ಆಳು ನೆನಪಿಸಿಕೊಂಡ: ಯುಗಾದಿ ಆದ ಮೇಲೆ ಒಂದಿನ ಆ ರೆಕಾರ್ಡಿಂಗ್ ಯಂತ್ರ ಕೀಂವ್ ಕೀಂವ್ ಎಂದು ಒಂದೇ ಸಮನೆ ಕೂಗುತ್ತಿತ್ತು, ಗಿರಾಕಿಗಳಿಗೆ ಕಿರಿಕಿರಿಯೆಂದು ಯಾರಿಗೋ ಹೇಳಿ ಸದ್ದು ಬಂದ್ ಮಾಡಿಸಿದ್ದರು. ಡಿಸ್ಕ್ ಕೆಟ್ಟಿದೆ ಎಂದು ಯಂತ್ರ ತಾನಾಗಿಯೇ ಕೂಗಿ ಹೇಳಿತ್ತು. ಆ ಕೂಗನ್ನು ಅಡಗಿಸಿ ಐದು ತಿಂಗಳು ಎಲ್ಲರೂ ಟಿವಿಯ ನಾಲ್ಕು ಚಿತ್ರಗಳನ್ನು ನಂಬಿ ಕೂತಿದ್ದರು.

ಆವತ್ತಿನಿಂದ ಪರಿಚಯದ ಅಂಗಡಿಗಳಿಗೆ ಹೋದಾಗಲೆಲ್ಲ ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಪ್ಲೇಬ್ಯಾಕ್ ಒತ್ತಿ ನೋಡಿ ಎಷ್ಟು ದಿನವಾಯಿತು? ಹೆಚ್ಚಿನವರು ಕ್ಯಾಮೆರಾ ಹಾಕಿಸಿದ ದಿನ ನೋಡಿದ್ದೇ ಕೊನೆ. ಕಣ್ಗಾವಲಿಗೆ ಹಾಕಿದ ಹಣಕ್ಕೆ ಬೆಲೆ ಬರುವುದು ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ, ಯಾವುದೋ ಒಂದು ದಿನದ ಯಾವುದೋ ಎರಡು ನಿಮಿಷಕ್ಕೆ. ಆ ಎರಡು ನಿಮಿಷ ಸಿಗಬೇಕು, ಅದರಲ್ಲಿ ಮುಖ ಗುರುತು ಹತ್ತಬೇಕು. ಕೊಳ್ಳುವಾಗಲೂ ನೋಡಿಕೊಳ್ಳುವಾಗಲೂ ಇದೊಂದೇ ಲೆಕ್ಕ.

ಕ್ಯಾಮೆರಾ ಕಳ್ಳತನ ತಡೆಯುತ್ತದೆ ಎಂಬ ನಂಬಿಕೆಯನ್ನು ಮೊದಲೇ ಬದಿಗಿಡೋಣ. ಕೆಲವರು ಹೆದರುತ್ತಾರೆ, ನಿಜ. ಆದರೆ 2013ರ ನವೆಂಬರ್ 19ರಂದು ಬೆಂಗಳೂರಿನ ಕಾರ್ಪೊರೇಷನ್ ಸರ್ಕಲ್ ಬಳಿಯ ಎಟಿಎಂ ಒಳಗೆ ಬ್ಯಾಂಕ್ ಉದ್ಯೋಗಿ ಮಹಿಳೆಯ ಮೇಲೆ ನಡೆದ ಹಲ್ಲೆಯನ್ನು ಮರೆತವರು ಕಡಿಮೆ. ಒಳಗೆ ಬಂದವನು ಶಟರ್ ಎಳೆದುಕೊಂಡು, ಮೇಲೆ ಕ್ಯಾಮೆರಾ ಇದ್ದಂತೆಯೇ ಮಚ್ಚು ಬೀಸಿದ. ಇಡೀ ರಾಜ್ಯ ಆ ದೃಶ್ಯ ನೋಡಿತು. ಆತ ಆಂಧ್ರದ ಮದನಪಲ್ಲಿಯಲ್ಲಿ ಸಿಕ್ಕಿದ್ದು 2017ರಲ್ಲಿ. ಕ್ಯಾಮೆರಾ ಕೈ ಹಿಡಿದು ನಿಲ್ಲಿಸುವುದಿಲ್ಲ, ಸಾಕ್ಷಿ ಹೇಳುತ್ತದೆ. ಬೀಗ, ಬೆಳಕು, ಕಾವಲುಗಾರ ಇವುಗಳ ಖರ್ಚನ್ನು ಕಡಿತಗೊಳಿಸಿ ಕ್ಯಾಮೆರಾಕ್ಕೆ ಹಾಕಬೇಡಿ.

ಮೊದಲು ಅಂಗಡಿ ಸುತ್ತಿ ಬನ್ನಿ

ಕೊಟೇಶನ್ ತರಿಸುವ ಮುಂಚೆ ಒಂದು ಹಾಳೆಯಲ್ಲಿ ಅಂಗಡಿಯ ನಕ್ಷೆ ಗೀಚಿಕೊಂಡು ಒಂದು ಸುತ್ತು ಹಾಕಿ. "ಎಂಟು ಕ್ಯಾಮೆರಾ ಹಾಕಿಬಿಡೋಣ" ಎಂದು ಶುರು ಮಾಡಿದರೆ ಎಂಟೂ ಮೂಲೆಯ ಎತ್ತರದಲ್ಲಿ ನೇತುಬಿದ್ದು, ಎಂಟರಲ್ಲೂ ಬೋಳುತಲೆ ಮತ್ತು ಟೋಪಿ ಮಾತ್ರ ಕಾಣುತ್ತವೆ. ಪ್ರತಿಯೊಂದು ಜಾಗದಲ್ಲೂ ನಿಂತು ಕೇಳಿಕೊಳ್ಳಿ: ಇಲ್ಲಿ ನನಗೆ 'ಯಾರು' ಎಂಬುದು ಬೇಕೋ, 'ಏನಾಯಿತು' ಎಂಬುದು ಬೇಕೋ? ಬಾಗಿಲಲ್ಲಿ ಬೇಕಾದದ್ದು ಯಾರು. ಗೋದಾಮಿನ ಸಾಲುಗಳ ನಡುವೆ, ಲಾರಿ ಇಳಿಸುವ ಜಾಗದಲ್ಲಿ ಬೇಕಾದದ್ದು ಏನಾಯಿತು. ಗಲ್ಲಾದ ಮೇಲೆ ಎರಡೂ ಬೇಕು.

ಈ ಎರಡಕ್ಕೂ ಒಂದೇ ಕ್ಯಾಮೆರಾ ಸಾಲದು. ಅದಕ್ಕೆ ಗಟ್ಟಿಯಾದ ಲೆಕ್ಕವೇ ಇದೆ. ಐಇಸಿ 62676-4 ಎಂಬ ಅಂತರರಾಷ್ಟ್ರೀಯ ಮಾನದಂಡದ 2014ರ ಆವೃತ್ತಿಯ ಪ್ರಕಾರ, ಅಲ್ಲೊಬ್ಬ ಮನುಷ್ಯನಿದ್ದಾನೆ ಎಂದು ತಿಳಿಯಲು ದೃಶ್ಯದ ಅಗಲದ ಪ್ರತಿ ಮೀಟರಿಗೆ 25 ಪಿಕ್ಸೆಲ್ ಸಾಕು. ಪರಿಚಯದವನನ್ನು ಇಂಥವನೇ ಎನ್ನಲು 125 ಬೇಕು. ಎಂದೂ ನೋಡದ ಮುಖವನ್ನು ಅನುಮಾನವಿಲ್ಲದೆ ಗುರುತಿಸಲು 250 ಬೇಕು.

ಇದನ್ನು ನಮ್ಮ ಅಂಗಡಿಗೆ ಇಳಿಸೋಣ. ಪೇಟೆಯಲ್ಲಿ ಹೆಚ್ಚು ಮಾರಾಟವಾಗುವುದು 2 ಮೆಗಾಪಿಕ್ಸೆಲ್ ಕ್ಯಾಮೆರಾ. ಅದರ ಚಿತ್ರದ ಅಗಲ 1920 ಪಿಕ್ಸೆಲ್. 250ರಿಂದ ಭಾಗಿಸಿದರೆ ಹತ್ತಿರಹತ್ತಿರ ಏಳೂವರೆ ಮೀಟರ್. ಅಂದರೆ ಕ್ಯಾಮೆರಾ ನೋಡುವ ದೃಶ್ಯ ಏಳೂವರೆ ಮೀಟರಿಗಿಂತ ಅಗಲವಾದ ಜಾಗದಲ್ಲಿ ಅಪರಿಚಿತನ ಮುಖ ಸಿಗುವುದಿಲ್ಲ. ಸಾಮಾನ್ಯವಾಗಿ ಹಾಕುವ 2.8 ಎಂಎಂ ಲೆನ್ಸ್ ಬಹಳ ಅಗಲಕ್ಕೆ ನೋಡುತ್ತದೆ. ನಾಲ್ಕು ಮೀಟರ್ ದೂರಕ್ಕೇ ಆ ಮಿತಿ ಮುಟ್ಟುತ್ತದೆ. ಹದಿಮೂರು ಅಡಿ ದಾಟಿದರೆ ಹೊಸ ಮುಖ ಕೈಗೆ ಸಿಗದು ಎಂದಿಟ್ಟುಕೊಳ್ಳಿ. ಅದೇ ಕ್ಯಾಮೆರಾಕ್ಕೆ 6 ಎಂಎಂ ಲೆನ್ಸ್ ಇದ್ದರೆ ನೋಟ ಕಿರಿದಾಗುತ್ತದೆ, ಆದರೆ ಎಂಟು ಮೀಟರ್ ದೂರದವರೆಗೂ ಮುಖ ಬರುತ್ತದೆ. ಇಡೀ ಅಂಗಡಿ ಒಂದೇ ಚಿತ್ರದಲ್ಲಿ ಕಾಣುತ್ತದೆ ಎಂದು ಮಾರುವವರು ಹೆಮ್ಮೆಯಿಂದ ತೋರಿಸುತ್ತಾರೆ. ಎಲ್ಲ ಕಾಣುವ ಚಿತ್ರದಲ್ಲಿ ಯಾರೂ ಸರಿಯಾಗಿ ಕಾಣುವುದಿಲ್ಲ. ಆಮೇಲೆ ಜೂಮ್ ಮಾಡಿಕೊಳ್ಳಬಹುದು ಎನ್ನುವುದನ್ನೂ ನಂಬಬೇಡಿ. ರೆಕಾರ್ಡ್ ಆಗದ ಪಿಕ್ಸೆಲ್ ಜೂಮ್‌ನಿಂದ ಹುಟ್ಟುವುದಿಲ್ಲ, ಇರುವ ಚೌಕಗಳೇ ದೊಡ್ಡದಾಗುತ್ತವೆ.

ಹಾಗಾಗಿ ನನ್ನ ಸಲಹೆ: ಬಾಗಿಲಿಗೆ ಒಂದು ಕಿರಿದಾದ ನೋಟದ ಕ್ಯಾಮೆರಾ ಮೀಸಲಿಡಿ. ಒಳಗೆ ಬರುವವರ ಮುಖಕ್ಕೆ ಎದುರಾಗಿ, ಏಳೆಂಟು ಅಡಿ ಎತ್ತರದಲ್ಲಿ. ಅದಕ್ಕಿಂತ ಮೇಲೆ ಹೋದರೆ ನೆತ್ತಿಯ ಚಿತ್ರ. ಮಿಕ್ಕ ಜಾಗಕ್ಕೆ ಅಗಲ ನೋಟದವು ಸಾಕು. ಗಲ್ಲಾದ ಮೇಲಿನ ಕ್ಯಾಮೆರಾಕ್ಕೆ ಒಂದು ಸರಳ ಪರೀಕ್ಷೆ ಇದೆ. ಕೌಂಟರ್ ಮೇಲೆ ಒಂದು 500ರ ನೋಟು, ಒಂದು 200ರದು, ಒಂದು 100ರದು ಇಟ್ಟು ರೆಕಾರ್ಡಿಂಗ್‌ನಲ್ಲಿ ನೋಡಿ. ಬೂದು, ಹಳದಿ, ನೇರಳೆ ಬೇರೆಬೇರೆಯಾಗಿ ಕಂಡರೆ ಆ ಕ್ಯಾಮೆರಾ ಸರಿಯಾದ ಜಾಗದಲ್ಲಿದೆ. "ನಾನು ಐನೂರು ಕೊಟ್ಟೆ, ನೀವು ಇನ್ನೂರರ ಚಿಲ್ಲರೆ ಕೊಟ್ಟಿರಿ" ಎಂಬ ಜಗಳ ದಿನಕ್ಕೊಂದು ಬರುವ ಅಂಗಡಿಗಳಲ್ಲಿ ಈ ಒಂದು ಕ್ಯಾಮೆರಾ ಮಿಕ್ಕೆಲ್ಲದರ ಹಣವನ್ನೂ ತೀರಿಸುತ್ತದೆ.

ಬೆಳಕಿನ ವಿಷಯ ನಮ್ಮ ಅಂಗಡಿಗಳಿಗೆ ಬಹಳ ಮುಖ್ಯ. ರಸ್ತೆಗೆ ತೆರೆದುಕೊಂಡ ಪೂರ್ತಿ ಶಟರ್ ಅಗಲದ ಬಾಗಿಲು, ಒಳಗೆ ಮಬ್ಬು. ಒಳಗಿನಿಂದ ಬಾಗಿಲಿನ ಕಡೆ ಮುಖ ಮಾಡಿದ ಕ್ಯಾಮೆರಾದಲ್ಲಿ ಹೊರಗಿನ ಬಿಸಿಲು ಬೆಳ್ಳಗೆ ಹರಡಿ, ಬಂದವರು ಕಪ್ಪು ನೆರಳಿನಂತೆ ಕಾಣುತ್ತಾರೆ. ಬಾಗಿಲಿನ ಕ್ಯಾಮೆರಾಕ್ಕೆ ಈ ಬಿಸಿಲು ನೆರಳನ್ನು ಸರಿತೂಗಿಸುವ ಡಬ್ಲ್ಯುಡಿಆರ್ ಸೌಲಭ್ಯ ಇರಲೇಬೇಕು. 120 ಡಿಬಿ ಎಂದು ಪೆಟ್ಟಿಗೆಯ ಮೇಲೆ ಬರೆದಿರುವುದನ್ನು ಕೇಳಿ ಪಡೆಯಿರಿ, ಹಾಕಿದ ಮೇಲೆ ಸೆಟ್ಟಿಂಗ್‌ನಲ್ಲಿ ಅದು ಆನ್ ಆಗಿದೆಯೇ ನೋಡಿ. ಎಷ್ಟೋ ಕಡೆ ಇರುವ ಸೌಲಭ್ಯವನ್ನು ಯಾರೂ ಆನ್ ಮಾಡಿಯೇ ಇರುವುದಿಲ್ಲ. ಬೆಳಿಗ್ಗೆ ಹತ್ತಕ್ಕೆ, ಮಧ್ಯಾಹ್ನ ಮೂರಕ್ಕೆ, ರಾತ್ರಿ ಶಟರ್ ಎಳೆದ ಮೇಲೆ ಹೀಗೆ ಮೂರು ಹೊತ್ತು ಚಿತ್ರ ನೋಡದೆ ಬಾಕಿ ಹಣ ಕೊಡಬೇಡಿ.

ತಂತಿಯಲ್ಲಿದೆ ಮರ್ಮ

ಜನ ಕ್ಯಾಮೆರಾದ ಬ್ರ್ಯಾಂಡ್ ಬಗ್ಗೆ ಅರ್ಧ ದಿನ ಚರ್ಚಿಸುತ್ತಾರೆ, ತಂತಿಯ ಬಗ್ಗೆ ಅರ್ಧ ನಿಮಿಷವೂ ಇಲ್ಲ. ನನ್ನ ಅನುಭವದಲ್ಲಿ ದೂರುಗಳ ದೊಡ್ಡ ಪಾಲು ತಂತಿ, ಕನೆಕ್ಟರ್ ಮತ್ತು ಪವರ್ ಸಪ್ಲೈನವು.

ವ್ಯವಸ್ಥೆಗಳು ಮುಖ್ಯವಾಗಿ ಎರಡು. ಡಿವಿಆರ್ ಎಂಬ ರೆಕಾರ್ಡಿಂಗ್ ಯಂತ್ರದ ಜೊತೆ ಅನಲಾಗ್ ಎಚ್‌ಡಿ ಕ್ಯಾಮೆರಾ: ತ್ರೀ ಪ್ಲಸ್ ಒನ್ ಕೇಬಲ್ ಎಳೆದು, ತುದಿಗೆ ಬಿಎನ್‌ಸಿ ಮತ್ತು ಡಿಸಿ ಪಿನ್ ಹಾಕುತ್ತಾರೆ. ಎನ್‌ವಿಆರ್ ಜೊತೆ ಐಪಿ ಕ್ಯಾಮೆರಾ: ಕ್ಯಾಟ್ 6 ಕೇಬಲ್ ಒಂದರಲ್ಲೇ ಚಿತ್ರವೂ ಕರೆಂಟೂ ಹೋಗುತ್ತವೆ, ಇದಕ್ಕೆ ಪಿಒಇ ಸ್ವಿಚ್ ಬೇಕು, ಒಂದು ಎಳೆತ 100 ಮೀಟರ್ ಮೀರಬಾರದು. ನಾಲ್ಕೈದು ಕ್ಯಾಮೆರಾದ ಅಂಗಡಿಗೆ ಡಿವಿಆರ್ ಧಾರಾಳವಾಗಿ ಸಾಕು, ರಿಪೇರಿಯೂ ಊರೂರಲ್ಲಿ ಸಿಗುತ್ತದೆ. ಹೊಸ ಕಟ್ಟಡ, ಎರಡು ಮೂರು ಮಹಡಿ, ಮುಂದೆ ಕ್ಯಾಮೆರಾ ಹೆಚ್ಚಿಸುವ ಯೋಚನೆ ಇದ್ದರೆ ಐಪಿ ಹಾಕಿಸಿ. ವೈಫೈ ಕ್ಯಾಮೆರಾ ಟೈಲರಿಂಗ್ ಅಂಗಡಿ, ಬೀಡಾ ಅಂಗಡಿಯಂಥ ಒಂದೇ ಕೋಣೆಗೆ ನಡೆಯುತ್ತದೆ. ಆದರೆ ರೆಕಾರ್ಡಿಂಗ್ ಅದರೊಳಗಿನ ಮೆಮೊರಿ ಕಾರ್ಡಿನಲ್ಲಿ ಕೂರುವುದರಿಂದ, ಕ್ಯಾಮೆರಾ ಕಿತ್ತುಕೊಂಡು ಹೋದವನ ಜೊತೆಗೇ ಸಾಕ್ಷಿಯೂ ಹೋಗುತ್ತದೆ.

ಈಗ ತಂತಿ. ಅಗ್ಗದ ಕೇಬಲ್ಲಿನ ಒಳಗೆ ಇರುವುದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ಚಾಕುವಿನಿಂದ ಎಳೆಯನ್ನು ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ಶುದ್ಧ ತಾಮ್ರಕ್ಕಿಂತ ಅದರಲ್ಲಿ ವಿದ್ಯುತ್ತಿಗೆ ಪ್ರತಿರೋಧ ಹೆಚ್ಚು. ಅದರ ಫಲ ವಿಚಿತ್ರವಾಗಿ ಕಾಣಿಸುತ್ತದೆ: ಹಗಲೆಲ್ಲ ಚೆನ್ನಾಗಿರುವ ಕ್ಯಾಮೆರಾ ಕತ್ತಲಾದೊಡನೆ ಮಿಣುಕತೊಡಗುತ್ತದೆ, ಆರಿ ಹೊತ್ತುತ್ತದೆ. ಮಾಲೀಕರು ಕ್ಯಾಮೆರಾ ಕೆಟ್ಟಿತೆಂದು ಬದಲಾಯಿಸುತ್ತಾರೆ, ಹೊಸದೂ ಹಾಗೇ ಮಾಡುತ್ತದೆ. ಕಾರಣ ಬೇರೆ. ರಾತ್ರಿ ಇನ್‌ಫ್ರಾರೆಡ್ ದೀಪಗಳು ಹೊತ್ತಿಕೊಂಡಾಗ ಕ್ಯಾಮೆರಾ ಹೆಚ್ಚು ಕರೆಂಟ್ ಎಳೆಯುತ್ತದೆ. ಉದ್ದವಾದ ತೆಳ್ಳನೆ ತಂತಿಯಲ್ಲಿ ವೋಲ್ಟೇಜ್ ಕುಸಿದು, 12 ವೋಲ್ಟ್ ಬೇಕಾದಲ್ಲಿ ಹತ್ತೂ ಮುಟ್ಟದೆ, ಕ್ಯಾಮೆರಾ ರೀಸ್ಟಾರ್ಟ್ ಆಗುತ್ತದೆ. ಆದ ತಕ್ಷಣ ಮತ್ತೆ ದೀಪ, ಮತ್ತೆ ಕುಸಿತ. ಟೆಕ್ನಿಷಿಯನ್‌ಗೆ ರಾತ್ರಿ ಹೊತ್ತು ಬರಹೇಳಿ, ಕ್ಯಾಮೆರಾದ ತುದಿಯಲ್ಲಿ ಮೀಟರ್ ಇಟ್ಟು ಅಳೆಯಿಸಿ. ಹಗಲಲ್ಲಿ ಅಳೆದರೆ ಏನೂ ಸಿಗುವುದಿಲ್ಲ.

ಪವರ್ ಸಪ್ಲೈ ಪೆಟ್ಟಿಗೆಯೂ ತಕ್ಕಷ್ಟು ದೊಡ್ಡದಿರಬೇಕು. ನಾಲ್ಕು ಕ್ಯಾಮೆರಾಕ್ಕೆ 12 ವೋಲ್ಟಿನ 5 ಆಂಪಿಯರ್, ಎಂಟಕ್ಕೆ 10 ಆಂಪಿಯರ್ ವಾಡಿಕೆ. ನಾಲ್ಕರ ಪೆಟ್ಟಿಗೆಗೆ ಐದನೆಯ, ಆರನೆಯ ಕ್ಯಾಮೆರಾ ಸಿಕ್ಕಿಸಬೇಡಿ. ಜೋಡಣೆಗಳನ್ನು ಬಟಾಬಯಲಿನಲ್ಲಿ ಟೇಪ್ ಸುತ್ತಿ ಬಿಡದೆ, ಪ್ರತಿ ಕ್ಯಾಮೆರಾದ ಹಿಂದೆ ಒಂದು ಪ್ಲಾಸ್ಟಿಕ್ ಬಾಕ್ಸ್ ಹಾಕಿಸಿ ಅದರೊಳಗೆ ಇರಿಸಿ. ಮಂಗಳೂರು, ಕಾರವಾರದ ಉಪ್ಪುಗಾಳಿಗೆ ಬಯಲಿನ ಬಿಎನ್‌ಸಿ ಒಂದು ಮಳೆಗಾಲಕ್ಕೇ ತುಕ್ಕು ಹಿಡಿಯುತ್ತದೆ. ಹೊರಗಿನಿಂದ ಒಳಬರುವ ತಂತಿ ರಂಧ್ರಕ್ಕಿಂತ ಕೆಳಗೆ ಒಂದು ಬಾಗು ಹಾಕಿ ಮೇಲೇರಲಿ, ನೀರು ಆ ಬಾಗಿನಲ್ಲಿ ತೊಟ್ಟಿಕ್ಕಿ ಹೋಗುತ್ತದೆ. ಹೊರಗಿನ ಕ್ಯಾಮೆರಾಕ್ಕೆ ಐಪಿ66 ಅಥವಾ ಐಪಿ67 ಗುರುತು ಇರಲಿ. ಮಲೆನಾಡಿನವರು ಸಿಡಿಲಿನ ಕಾಲಕ್ಕೆ ಮುಂಚೆ ಅರ್ತಿಂಗ್ ಪರೀಕ್ಷಿಸಿ ಸರ್ಜ್ ಪ್ರೊಟೆಕ್ಟರ್ ಹಾಕಿಸಲೇಬೇಕು. ಅಂಗಳದ ಕಂಬದ ಮೇಲಿನ ಒಂದು ಕ್ಯಾಮೆರಾದ ತಂತಿಯಲ್ಲಿ ಬಂದ ಸಿಡಿಲು ಒಳಗಿನ ಡಿವಿಆರ್ ಅನ್ನೂ ಸುಟ್ಟುಬಿಡುತ್ತದೆ.

ಕರೆಂಟ್ ಹೋದಾಗ ಏನಾಗುತ್ತದೆ ಎಂದು ಒಮ್ಮೆ ಮೇನ್ ಸ್ವಿಚ್ ಆರಿಸಿ ನೋಡಿ. ಡಿವಿಆರ್ ಇನ್ವರ್ಟರ್ ಲೈನಿನಲ್ಲಿದ್ದು ಕ್ಯಾಮೆರಾಗಳ ಪವರ್ ಸಪ್ಲೈ ಬೇರೆ ಲೈನಿನಲ್ಲಿರುವುದನ್ನು ನಾನು ಒಂದಲ್ಲ ಎರಡು ಕಡೆ ಕಂಡಿದ್ದೇನೆ. ಇಂಟರ್ನೆಟ್ ರೂಟರ್ ಕೂಡ ಇನ್ವರ್ಟರ್ ಮೇಲೆಯೇ ಇರಬೇಕು. ಇನ್ವರ್ಟರ್‌ನಲ್ಲಿ ಯುಪಿಎಸ್ ಮೋಡ್ ಇದ್ದರೆ ಅದಕ್ಕೆ ಹಾಕಿಡಿ. ಇಲ್ಲವಾದರೆ ಪ್ರತಿ ಸಲ ಲೈನ್ ಬದಲಾದಾಗಲೂ ಡಿವಿಆರ್ ಆರಿ ಹೊತ್ತಿ, ಹಾರ್ಡ್ ಡಿಸ್ಕಿನ ಆಯುಷ್ಯ ತಗ್ಗುತ್ತದೆ.

ಎಷ್ಟು ದಿನದ ರೆಕಾರ್ಡಿಂಗ್?

ಇದನ್ನು ನೀವೇ ಲೆಕ್ಕ ಹಾಕಬಹುದು. ಡಿವಿಆರ್ ಸೆಟ್ಟಿಂಗ್‌ನಲ್ಲಿ ಪ್ರತಿ ಕ್ಯಾಮೆರಾಕ್ಕೂ ಬಿಟ್‌ರೇಟ್ ಇರುತ್ತದೆ. 1 ಎಂಬಿಪಿಎಸ್ ಎಂದರೆ ದಿನಕ್ಕೆ 10.8 ಜಿಬಿ. 2 ಮೆಗಾಪಿಕ್ಸೆಲ್ ಕ್ಯಾಮೆರಾವನ್ನು ಎಚ್.265 ವಿಧಾನದಲ್ಲಿ 2 ಎಂಬಿಪಿಎಸ್‌ಗೆ ಇಟ್ಟರೆ ದಿನಕ್ಕೆ 21.6 ಜಿಬಿ, ನಾಲ್ಕು ಕ್ಯಾಮೆರಾಕ್ಕೆ 86.4 ಜಿಬಿ. ತಿಂಗಳಿಗೆ ಸುಮಾರು 2,600 ಜಿಬಿ ಆಯಿತು. 1 ಟಿಬಿ ಡಿಸ್ಕ್ ಹಾಕಿಕೊಟ್ಟು "ತಿಂಗಳು ಬರುತ್ತೆ ಸರ್" ಎಂದವರಿಗೆ ಈ ಲೆಕ್ಕ ತೋರಿಸಿ. ಅದು ಹನ್ನೊಂದು ದಿನಕ್ಕೆ ತುಂಬಿ ಹಳೆಯದರ ಮೇಲೆ ಬರೆಯತೊಡಗುತ್ತದೆ. ಹಳೆಯ ಎಚ್.264ಕ್ಕೆ ಅದೇ ಗುಣಮಟ್ಟಕ್ಕೆ ಹೆಚ್ಚುಕಡಿಮೆ ಎರಡರಷ್ಟು ಜಾಗ ಬೇಕು. ಅಲುಗಾಟ ಕಂಡಾಗ ಮಾತ್ರ ರೆಕಾರ್ಡ್ ಮಾಡುವ ಆಯ್ಕೆ ಗೋದಾಮಿಗೆ ಒಳ್ಳೆಯದು. ಗಲ್ಲಾ ಮತ್ತು ಬಾಗಿಲಿಗೆ ಬಿಡುವಿಲ್ಲದೆ ರೆಕಾರ್ಡ್ ಆಗಲಿ.

ಮೂವತ್ತು ದಿನ ಎಂಬುದು ಸುಮ್ಮನೆ ಹಿಡಿದ ಸಂಖ್ಯೆಯಲ್ಲ. ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕ್ರಮಗಳ ಜಾರಿ ಅಧಿನಿಯಮ, 2017 ಎಂಬ ಕಾನೂನು, ಒಂದೇ ಹೊತ್ತಿಗೆ 100 ಜನ ಅಥವಾ ದಿನಕ್ಕೆ 500 ಜನ ಸೇರುವಂಥ ಸಂಸ್ಥೆಗಳು ಸಿಸಿಟಿವಿ ಹಾಕಿ 30 ದಿನದ ದೃಶ್ಯ ಉಳಿಸಿಡಬೇಕು, ಪೊಲೀಸರು ಕೇಳಿದರೆ ಕೊಡಬೇಕು ಎನ್ನುತ್ತದೆ. ಕಲ್ಯಾಣ ಮಂಟಪ, ದೊಡ್ಡ ಬಟ್ಟೆ ಅಂಗಡಿ, ಆಸ್ಪತ್ರೆ, ಕಾಲೇಜು ನಡೆಸುವವರು ಇದನ್ನು ಗಮನಿಸಬೇಕು. ಚಿಕ್ಕ ಅಂಗಡಿಗೆ ಕಾನೂನು ಬೇಡವೆಂದರೂ, ಸ್ಟಾಕ್ ತಾಳೆ ನೋಡುವುದು ತಿಂಗಳಿಗೊಮ್ಮೆ ತಾನೇ? ತಿಂಗಳ ರೆಕಾರ್ಡಿಂಗ್ ಇಲ್ಲದಿದ್ದರೆ ವ್ಯತ್ಯಾಸ ಕಂಡ ದಿನ ನೋಡಲು ಏನೂ ಉಳಿದಿರುವುದಿಲ್ಲ.

ಡಿಸ್ಕ್ ಸರ್ವೇಲೆನ್ಸ್‌ಗೆಂದೇ ಮಾಡಿದ್ದಿರಲಿ. ವೆಸ್ಟರ್ನ್ ಡಿಜಿಟಲ್‌ನ ಪರ್ಪಲ್, ಸೀಗೇಟ್‌ನ ಸ್ಕೈಹಾಕ್ ಅಂಥವು. ಹಗಲುರಾತ್ರಿ ಬರೆಯುತ್ತಲೇ ಇರುವುದಕ್ಕೆ ಅವನ್ನು ರೂಪಿಸಿದ್ದಾರೆ. ಹಳೆಯ ಕಂಪ್ಯೂಟರಿನಿಂದ ಬಿಚ್ಚಿದ ಡಿಸ್ಕ್ ಹಾಕಿಸಿಕೊಳ್ಳಬೇಡಿ. ಭಾವನವರ ಡಿವಿಆರ್ ಬಿಚ್ಚಿದಾಗ ಸಿಕ್ಕಿದ್ದು ಅಂಥದ್ದೇ, ಬಿಲ್ಲಿನಲ್ಲಿ 'ಹಾರ್ಡ್ ಡಿಸ್ಕ್' ಎಂದಷ್ಟೇ ಇತ್ತು. ಬಿಲ್ಲಿನಲ್ಲಿ ಡಿಸ್ಕಿನ ಕಂಪನಿ, ಮಾದರಿ, ಸೀರಿಯಲ್ ನಂಬರ್, ಕೇಬಲ್ಲಿನ ಕಂಪನಿ, ಎಷ್ಟು ಮೀಟರ್ ಎಲ್ಲ ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿಯುವವರಿಂದ ಕೊಳ್ಳಬೇಡಿ.

ಕ್ಯಾಮೆರಾದ ಮೇಲೆ ಬಿಐಎಸ್ ಗುರುತು ಮತ್ತು ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಅದು ಯಾರ ಹೆಸರಿನದೆಂದು ತಿಳಿಯುತ್ತದೆ. 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಸಿಸಿಟಿವಿ ಕ್ಯಾಮೆರಾಗಳಿಗೆ ಹೊಸ ಭದ್ರತಾ ಅಗತ್ಯಗಳನ್ನು ಪ್ರಕಟಿಸಿ, 2025ರ ಏಪ್ರಿಲ್ 9ರಿಂದ ಕಡ್ಡಾಯ ಮಾಡಿದೆ. ಒಳಗಿನ ಸಾಫ್ಟ್‌ವೇರ್‌ನಲ್ಲಿ ಕಳ್ಳದಾರಿ ಇದೆಯೇ ಎಂಬುದೂ ಈಗ ಪ್ರಯೋಗಾಲಯದ ಪರೀಕ್ಷೆಗೆ ಒಳಪಡುತ್ತದೆ. ಹಳೆಯ ಸ್ಟಾಕ್ ಅಗ್ಗಕ್ಕೆ ಬಂತೆಂದು ತರುವ ಮುನ್ನ ಇದನ್ನು ಕೇಳಿ.

ನಿಮ್ಮ ಕ್ಯಾಮೆರಾ ಇನ್ನೊಬ್ಬರ ಕಣ್ಣಾಗದಿರಲಿ

2016ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ದೊಡ್ಡ ತಾಣಗಳು ಗಂಟೆಗಟ್ಟಲೆ ತೆರೆಯದಾದವು. ದಾಳಿಗೆ ಬಳಕೆಯಾದದ್ದು ಜಗತ್ತಿನಾದ್ಯಂತ ಅಂಗಡಿ ಮನೆಗಳಲ್ಲಿದ್ದ ಕ್ಯಾಮೆರಾ, ಡಿವಿಆರ್, ರೂಟರುಗಳು. ಕಂಪನಿ ಕೊಟ್ಟ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಯಂತ್ರಗಳೊಳಗೆ ಮಿರಾಯ್ ಎಂಬ ವೈರಸ್ ಹೊಕ್ಕಿತ್ತು. ಇನ್ನೂ ಹತ್ತಿರದ, ಇನ್ನೂ ನೋಯಿಸುವ ಸಂಗತಿ: 2025ರ ಫೆಬ್ರುವರಿಯಲ್ಲಿ ಗುಜರಾತಿನ ರಾಜ್‌ಕೋಟ್‌ನ ಹೆರಿಗೆ ಆಸ್ಪತ್ರೆಯೊಂದರಲ್ಲಿ ಮಹಿಳೆಯರ ತಪಾಸಣೆಯ ಸಿಸಿಟಿವಿ ದೃಶ್ಯಗಳು ಅಂತರ್ಜಾಲದಲ್ಲಿ ಮಾರಾಟಕ್ಕಿದ್ದುದು ಬಯಲಾಯಿತು. ಅಂಥ ಕೋಣೆಯಲ್ಲಿ ಕ್ಯಾಮೆರಾ ಇದ್ದದ್ದೇ ಮೊದಲ ತಪ್ಪು.

ಆದ್ದರಿಂದ ಡಿವಿಆರ್ ಹಾಕಿದ ದಿನವೇ ಅಡ್ಮಿನ್ ಪಾಸ್‌ವರ್ಡ್ ನಿಮ್ಮ ಕೈಯಾರೆ ಬದಲಿಸಿ. ಅಂಗಡಿಯ ಹೆಸರು, ಫೋನ್ ನಂಬರ್, 1234 ಬೇಡ. ಫಿಟ್ ಮಾಡಿದವರ ಮೊಬೈಲಿನಲ್ಲಿ ನಿಮ್ಮ ಅಂಗಡಿ ಕಾಣುತ್ತಿರಬಾರದು. ಕೆಲಸ ಮುಗಿದ ಮೇಲೆ ಅವರ ಅಕೌಂಟ್ ತೆಗೆಸಿ. ಮ್ಯಾನೇಜರ್‌ಗೆ ಲೈವ್ ನೋಡುವ ಬೇರೆ ಅಕೌಂಟ್ ಕೊಡಿ, ಅಳಿಸುವ ಅಧಿಕಾರ ಬೇಡ. ಯಾರಾದರೂ ಕೆಲಸ ಬಿಟ್ಟರೆ ಅವತ್ತೇ ಪಾಸ್‌ವರ್ಡ್ ಬದಲಾಗಲಿ. ಕಂಪನಿ ಕೊಡುವ ಫರ್ಮ್‌ವೇರ್ ಅಪ್‌ಡೇಟನ್ನು ವರ್ಷಕ್ಕೆರಡು ಸಲವಾದರೂ ಹಾಕಿಸಿ.

ಡಿವಿಆರ್ ಇಡುವ ಜಾಗವೂ ಗುಟ್ಟಾಗಿರಲಿ. ಟಿವಿಯ ಕೆಳಗೇ ಇಟ್ಟರೆ ಕಳ್ಳ ಮೊದಲು ಕಂಕುಳಲ್ಲಿ ಇರುಕಿಕೊಳ್ಳುವುದು ಅದನ್ನೇ. ಬೀಗವಿರುವ, ಗಾಳಿಯಾಡುವ ಕಬ್ಬಿಣದ ಪೆಟ್ಟಿಗೆಯಲ್ಲಿ, ಗಲ್ಲಾದಿಂದ ದೂರ ಇಡಿಸಿ.

ಬಟ್ಟೆ ಅಂಗಡಿಯ ಟ್ರಯಲ್ ರೂಮ್, ಶೌಚಾಲಯ, ಸಿಬ್ಬಂದಿ ಬಟ್ಟೆ ಬದಲಿಸುವ ಕೋಣೆ ಇವುಗಳ ಒಳಗಷ್ಟೇ ಅಲ್ಲ, ಬಾಗಿಲು ತೆರೆದಾಗ ಒಳಗು ಕಾಣುವಂಥ ಕೋನದಲ್ಲೂ ಕ್ಯಾಮೆರಾ ಇರಕೂಡದು. ಮಹಿಳೆಯ ಖಾಸಗಿ ಕ್ಷಣಗಳನ್ನು ಚಿತ್ರೀಕರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಡಿ ಅಪರಾಧ. ಮೊದಲ ಸಲಕ್ಕೇ ಕನಿಷ್ಠ ಒಂದು ವರ್ಷ ಜೈಲು. ಬಾಗಿಲಲ್ಲಿ "ಇಲ್ಲಿ ಸಿಸಿಟಿವಿ ಇದೆ" ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆಸಿ. ಕೆಲಸದವರಿಗೆ ಯಾವ ಕ್ಯಾಮೆರಾ ಎಲ್ಲಿ, ಯಾಕೆ ಎಂದು ಕೂರಿಸಿ ಹೇಳಿ. ಹನ್ನೊಂದು ಡಬ್ಬಿಯ ಲೆಕ್ಕ ತಪ್ಪಿದ ವಾರ ಭಾವನ ಅಂಗಡಿಯ ಮೂರೂ ಆಳುಗಳು ತಲೆ ತಗ್ಗಿಸಿಕೊಂಡೇ ಕೆಲಸ ಮಾಡಿದ್ದನ್ನು ನಾನು ನೋಡಿದೆ. ಯಾರ ಮೇಲೂ ಆರೋಪ ಬಂದಿರಲಿಲ್ಲ, ಯಾರನ್ನೂ ನಿರ್ದೋಷಿ ಎನ್ನಲೂ ಆಗಲಿಲ್ಲ. ಸರಿಯಾದ ರೆಕಾರ್ಡಿಂಗ್ ಪ್ರಾಮಾಣಿಕನನ್ನು ಕಾಯುತ್ತದೆ, ಅದಕ್ಕೇ ಅದು ಅವರಿಗೂ ಬೇಕು.

ವಾರಕ್ಕೆ ಐದು ನಿಮಿಷ

ನಿರ್ವಹಣೆಗೆ ಎಂಜಿನಿಯರ್ ಬೇಕಿಲ್ಲ. ಸೋಮವಾರ ಅಂಗಡಿ ತೆರೆದು ದೀಪ ಹಚ್ಚಿದ ಮೇಲೆ ಪ್ಲೇಬ್ಯಾಕ್ ತೆರೆದು ಹಿಂದಿನ ರಾತ್ರಿ ಎರಡು ಗಂಟೆಯ ಚಿತ್ರ, ಇಪ್ಪತ್ತೈದು ದಿನದ ಹಿಂದಿನ ಮಧ್ಯಾಹ್ನದ ಚಿತ್ರ ಎಲ್ಲ ಕ್ಯಾಮೆರಾದಲ್ಲೂ ಬರುತ್ತವೆಯೇ ನೋಡಿ. ಮೊದಲನೆಯದರಿಂದ ರಾತ್ರಿಯ ದೀಪ ಸರಿಯಿದೆಯೆಂದೂ, ಎರಡನೆಯದರಿಂದ ಡಿಸ್ಕ್ ಸರಿಯಿದೆಯೆಂದೂ ತಿಳಿಯುತ್ತದೆ. ಪರದೆಯ ಗಡಿಯಾರವನ್ನು ಮೊಬೈಲ್ ಗಡಿಯಾರದೊಡನೆ ಹೋಲಿಸಿ. ಡಿವಿಆರ್ ಒಳಗಿನ ಚಿಕ್ಕ ಬಟನ್ ಸೆಲ್ ಸತ್ತರೆ ಕರೆಂಟ್ ಹೋದಾಗಲೆಲ್ಲ ತಾರೀಕು ಹಿಂದಕ್ಕೆ ಹೋಗುತ್ತದೆ. ಇಂಟರ್ನೆಟ್ ಇದ್ದರೆ ಎನ್‌ಟಿಪಿ ಆನ್ ಮಾಡಿಡಿ, ಸಮಯ ತಾನೇ ಸರಿಹೋಗುತ್ತದೆ. ಹದಿನೈದು ನಿಮಿಷ ತಪ್ಪಿದ ಗಡಿಯಾರ ನಿಜವಾದ ಸಾಕ್ಷಿಯನ್ನೂ ಅನುಮಾನಕ್ಕೆ ದೂಡುತ್ತದೆ.

ಗಾಜು ಒರೆಸುವುದನ್ನು ತಿಂಗಳಿಗೊಮ್ಮೆ ಇಟ್ಟುಕೊಳ್ಳಿ. ಅಕ್ಕಿ ಗಿರಣಿ, ಮಂಡಕ್ಕಿ ಭಟ್ಟಿ, ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಗಳಂಥ ಧೂಳಿನ ಜಾಗದಲ್ಲಿ ವಾರಕ್ಕೊಮ್ಮೆ. ಮೊದಲು ಧೂಳು ಊದಿ ಹಾರಿಸಿ, ಆಮೇಲೆ ಕನ್ನಡಕ ಒರೆಸುವಂಥ ಮೆತ್ತನೆ ಬಟ್ಟೆ. ಒರಟು ಚಿಂದಿಯಿಂದ ತಿಕ್ಕಿದರೆ ಗೀರು ಬಿದ್ದು, ರಾತ್ರಿ ಇನ್‌ಫ್ರಾರೆಡ್ ಬೆಳಕು ಆ ಗೀರಿನಲ್ಲಿ ಚದುರಿ ಇಡೀ ಚಿತ್ರ ಮಂಜಾಗುತ್ತದೆ. ಡೋಮ್ ಕ್ಯಾಮೆರಾಗಳಲ್ಲಿ ಈ ತೊಂದರೆ ಹೆಚ್ಚು, ಬೆರಳಿನ ಜಿಡ್ಡು ಸಾಕು. ಹೊರಗಿನ ಕ್ಯಾಮೆರಾಕ್ಕೆ ಇನ್ನೊಂದು ಶತ್ರು ಜೇಡ. ರಾತ್ರಿಯ ದೀಪಕ್ಕೆ ಹುಳು ಬರುತ್ತವೆ, ಹುಳುವಿಗೆ ಜೇಡ ಬರುತ್ತದೆ. ಬಲೆಯ ಒಂದೆಳೆ ಲೆನ್ಸಿನ ಮುಂದೆ ಬೆಳ್ಳಗೆ ಹೊಳೆದು ಹಿಂದಿನದೆಲ್ಲ ಕಪ್ಪಾಗುತ್ತದೆ. ಕೋಲಿಗೆ ಪೊರಕೆ ಕಟ್ಟಿ ಪ್ರತಿ ಹುಣ್ಣಿಮೆ ಅಮಾವಾಸ್ಯೆಗೆ ಒಮ್ಮೆ ಗುಡಿಸಿದರೆ ಮುಗಿಯಿತು. ಅಮಾವಾಸ್ಯೆ ಪೂಜೆಗೆ ಹೇಗೂ ಅಂಗಡಿ ತೊಳೆಯುತ್ತೀರಿ.

ವಾರ್ಷಿಕ ನಿರ್ವಹಣೆಯ ಒಪ್ಪಂದ ಮಾಡಿಕೊಳ್ಳುವುದಾದರೆ, ಕರೆದ ಎಷ್ಟು ಗಂಟೆಯೊಳಗೆ ಬರುತ್ತಾರೆ, ಡಿಸ್ಕ್ ಕೆಟ್ಟರೆ ಅಲ್ಲಿಯವರೆಗೆ ಬದಲಿ ಕೊಡುತ್ತಾರೆಯೇ ಎಂಬ ಎರಡು ಸಾಲು ಬರೆಸಿಕೊಳ್ಳಿ. ಮತ್ತು ಆ ಕೀಂವ್ ಕೀಂವ್ ಸದ್ದನ್ನು ಯಾರೂ ಆರಿಸದಂತೆ ನೋಡಿಕೊಳ್ಳಿ.

ಕೊನೆಗೊಂದು ವಿಷಯ, ಘಟನೆ ನಡೆದ ದಿನದ್ದು. ಗಾಬರಿಯಲ್ಲಿ ಡಿವಿಆರ್ ಪ್ಲಗ್ ಕೀಳಬೇಡಿ, ಡಿಸ್ಕ್ ಬಿಚ್ಚಬೇಡಿ. ಟಿವಿಯ ಮುಂದೆ ಮೊಬೈಲ್ ಹಿಡಿದು ತೆಗೆದ ವಿಡಿಯೊ ಸಾಕಾಗುವುದಿಲ್ಲ. ಘಟನೆಗೆ ಅರ್ಧ ಗಂಟೆ ಮುಂಚಿನಿಂದ ಅರ್ಧ ಗಂಟೆ ಆಮೇಲಿನವರೆಗೆ, ಎಲ್ಲ ಕ್ಯಾಮೆರಾಗಳದನ್ನೂ ಡಿವಿಆರ್‌ನಿಂದಲೇ ಎರಡು ಪೆನ್‌ಡ್ರೈವ್‌ಗೆ ಬ್ಯಾಕಪ್ ತೆಗೆಯಿರಿ. ಒಂದು ಪೊಲೀಸರಿಗೆ, ಒಂದು ನಿಮ್ಮ ಬಳಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಇಂಥ ಪ್ರತಿಯ ಜೊತೆ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ: ಒಂದನ್ನು ಯಂತ್ರ ನೋಡಿಕೊಳ್ಳುವವರು, ಇನ್ನೊಂದನ್ನು ತಜ್ಞರು ಸಹಿ ಮಾಡಬೇಕು. ಫೈಲ್ ಬದಲಾಗಿಲ್ಲ ಎಂದು ತೋರಿಸುವ ಹ್ಯಾಶ್ ಸಂಖ್ಯೆಯೂ ಅದರಲ್ಲಿರಬೇಕು. ಠಾಣೆಯಲ್ಲಿ ಈ ಬಗ್ಗೆ ಮೊದಲೇ ಕೇಳಿಕೊಂಡರೆ ವರ್ಷಗಳಾದ ಮೇಲೆ ಕೋರ್ಟಿನಲ್ಲಿ ತೊಡಕಾಗುವುದಿಲ್ಲ.

ಭಾವನವರ ಅಂಗಡಿಯಲ್ಲಿ ಈಗ 4 ಟಿಬಿ ಡಿಸ್ಕ್ ಇದೆ. ಗೋದಾಮಿನ ಬಾಗಿಲಿಗೆ 6 ಎಂಎಂ ಲೆನ್ಸಿನ ಐದನೆಯ ಕ್ಯಾಮೆರಾ ಬಂದಿದೆ, ಅದರ ಜೊತೆಗೆ ದೊಡ್ಡ ಪವರ್ ಸಪ್ಲೈಯೂ. ಐದಕ್ಕೂ ಲೆಕ್ಕ ಹಾಕಿದರೆ ತಿಂಗಳ ಮೇಲೆ ಒಂದು ವಾರದ ದೃಶ್ಯ ಉಳಿಯುತ್ತದೆ. ಆ ಹನ್ನೊಂದು ಡಬ್ಬಿ ಎಲ್ಲಿ ಹೋದವೆಂದು ಇವತ್ತಿಗೂ ಗೊತ್ತಿಲ್ಲ. ಇವತ್ತು ಶಟರ್ ಎಳೆಯುವ ಮುನ್ನ ನಿಮ್ಮ ಅಂಗಡಿಯ ಕ್ಯಾಲೆಂಡರಿನಲ್ಲಿ ನಿನ್ನೆಯ ತಾರೀಕಿಗೆ ಬಣ್ಣದ ಗುರುತು ಇದೆಯೇ ಎಂದು ದಯವಿಟ್ಟು ಒಮ್ಮೆ ತೆರೆದು ನೋಡಿ.